ಮೈಸೂರಿಗೆ ಲಘು ರೈಲು ಮತ್ತು ಟ್ರಾಂ: ನಿವೇಶನ ಖರೀದಿದಾರರು ಹಾಗೂ ಅರ್ಜಿದಾರರ ಮಾಹಿತಿಗಾಗಿ

ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ನಿವೇಶನ ಖರೀದಿಸಿ, ಖಾತೆ ಹಾಗೂ ನಕ್ಷೆ ಅನುಮೋದನೆಗಾಗಿ ಅರ್ಜಿ ಸಲ್ಲಿಸಲು ಬರುವ ನಾಗರಿಕರಲ್ಲಿ ಹಲವರು, ತಮ್ಮ ಬಡಾವಣೆಯ ಮುಂದೆ ಮೆಟ್ರೊ ಹಾದುಹೋಗುವುದು ನಿಜವೇ ಎಂದು ವಿಚಾರಿಸುತ್ತಿರುತ್ತಾರೆ. ಮಾರಾಟಗಾರರು ನೀಡಿದ ಕರಪತ್ರದಲ್ಲಿ ಒಂದು ಕೆಂಪು ಗೆರೆ ಇರುತ್ತದೆ. ಆ ಗೆರೆಗಾಗಿ ಚದರ ಅಡಿಗೆ ಹೆಚ್ಚಿನ ದರವನ್ನೂ ತೆತ್ತಿರುತ್ತಾರೆ. ಆದುದರಿಂದ ವಸ್ತುಸ್ಥಿತಿಯನ್ನು ತಿಳಿಸುವುದು ಅವಶ್ಯವೆನಿಸಿದೆ.

ಮೈಸೂರು ನಗರದಲ್ಲಿ ಈವರೆಗೆ ಮೆಟ್ರೊ, ಲಘು ರೈಲು ಅಥವಾ ಟ್ರಾಂ ಮಾರ್ಗ ಯಾವುದೂ ನಿರ್ಮಾಣಗೊಂಡಿರುವುದಿಲ್ಲ. ನಗರವು ಬೆಳೆದಿರುವುದಂತೂ ನಿಜ. ಹೂಟಗಳ್ಳಿಯು ನಗರಸಭೆಯಾಗಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳಗಳು ಪಟ್ಟಣ ಪಂಚಾಯಿತಿಗಳಾಗಿ ರೂಪುಗೊಂಡುದೇ ಇದಕ್ಕೆ ಸಾಕ್ಷಿ. ಆದರೆ ಕೇಂದ್ರ ಸರ್ಕಾರವು ಆಧಾರವಾಗಿ ನೋಡುವ 2011ರ ಜನಗಣತಿಯಲ್ಲಿ ಮೈಸೂರು ನಗರ ಸಮುಚ್ಚಯದ ಜನಸಂಖ್ಯೆ ಸುಮಾರು 9.9 ಲಕ್ಷ ಮಾತ್ರ.

ಈ ಅಂಕಿಯ ಮಹತ್ವವು 2025ರ ನವೆಂಬರ್ ತಿಂಗಳಲ್ಲಿ ಸ್ಪಷ್ಟವಾಯಿತು. ಕೊಯಮತ್ತೂರು ಮತ್ತು ಮದುರೆ ನಗರಗಳ ಮೆಟ್ರೊ ಪ್ರಸ್ತಾವನೆಗಳನ್ನು ಕೇಂದ್ರವು ಹಿಂದಿರುಗಿಸಿತು. 2017ರ ಮೆಟ್ರೊ ರೈಲು ನೀತಿಯ 20 ಲಕ್ಷ ಜನಸಂಖ್ಯೆಯ ಮಾನದಂಡವು ಅದಕ್ಕೆ ನೀಡಿದ ಕಾರಣಗಳಲ್ಲಿ ಒಂದು. ಆಗ್ರಾ, ಭೋಪಾಲ್ ನಗರಗಳಿಗೆ ದೊರೆತದ್ದು ತಮಗೇಕಿಲ್ಲವೆಂದು ತಮಿಳುನಾಡು ಆಕ್ಷೇಪಿಸಿತು. ಆಕ್ಷೇಪದಲ್ಲಿ ಹುರುಳಿದೆ. ಆದಾಗ್ಯೂ, ಆ ಎರಡು ನಗರಗಳಿಗೇ ಸಿಗದ ಅನುಮೋದನೆ ಮೈಸೂರಿಗೆ ಸುಲಭದಲ್ಲಿ ಸಿಕ್ಕೀತೆಂದು ನಂಬಿ ಹಣ ಹೂಡುವುದು ವಿವೇಕವಲ್ಲ.

ಸಣ್ಣ ನಗರಗಳಿಗೆಂದೇ ಕೇಂದ್ರವು 2019ರಲ್ಲಿ ‘ಮೆಟ್ರೊಲೈಟ್’ ಹಾಗೂ 2020ರಲ್ಲಿ ‘ಮೆಟ್ರೊನಿಯೊ’ ವ್ಯವಸ್ಥೆಗಳ ಮಾನಕಗಳನ್ನು ಹೊರಡಿಸಿತು. ಮೊದಲನೆಯದು ಹಳಿಯ ಮೇಲಿನ ಲಘು ರೈಲು, ಎರಡನೆಯದು ಮೇಲಿನ ತಂತಿಯಿಂದ ವಿದ್ಯುತ್ ಪಡೆದು ರಬ್ಬರ್ ಚಕ್ರಗಳ ಮೇಲೆ ಓಡುವ ವಾಹನ. 2021ರ ಆಯವ್ಯಯದಲ್ಲಿ ನಾಸಿಕ್ ನಗರದ ಯೋಜನೆಗೆ 2,092 ಕೋಟಿ ರೂಪಾಯಿಗಳನ್ನು ಪ್ರಕಟಿಸಲಾಗಿತ್ತು. ಪ್ರಕಟಣೆಗೂ ಹಳಿಗೂ ಇರುವ ಅಂತರವನ್ನು ತಿಳಿಯಲು ಆ ಯೋಜನೆಯನ್ನು ಗಮನಿಸಬಹುದು.

ಲೆಕ್ಕವನ್ನೂ ನೋಡತಕ್ಕದ್ದು. ಮೆಟ್ರೊಲೈಟ್‌ನ ಗರಿಷ್ಠ ಸಾಮರ್ಥ್ಯವು ಗಂಟೆಗೆ ಒಂದು ದಿಕ್ಕಿನಲ್ಲಿ 15,000 ಪ್ರಯಾಣಿಕರು. ಬಸ್ಸೊಂದಕ್ಕೆ 60 ಜನರಂತೆ ಹಿಡಿದರೆ ಇದು ಗಂಟೆಗೆ 250 ಬಸ್ಸುಗಳಾಗುತ್ತದೆ. ಕಾಲುಭಾಗ ತುಂಬಬೇಕಾದರೂ ಒಂದೇ ರಸ್ತೆಯಲ್ಲಿ, ಒಂದೇ ದಿಕ್ಕಿಗೆ, ನಿಮಿಷಕ್ಕೊಂದು ತುಂಬಿದ ಬಸ್ಸು ಹೋಗುವಷ್ಟು ಜನರಿರಬೇಕು. ಹುಣಸೂರು ರಸ್ತೆಯಲ್ಲಿಯೋ ಕೆ.ಆರ್.ಎಸ್. ರಸ್ತೆಯಲ್ಲಿಯೋ ಬೆಳಿಗ್ಗೆ ಅರ್ಧ ಗಂಟೆ ನಿಂತು ಎಣಿಸಿದವರಿಗೆ ಉತ್ತರ ತಾನೇ ತಿಳಿಯುವುದು. ಇದಲ್ಲದೆ, 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಡಿ ಮಹಿಳೆಯರು ಸಾರಿಗೆ ನಿಗಮದ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸುತ್ತಾರೆ. ಪಕ್ಕದಲ್ಲೇ ಟಿಕೆಟ್ ಪಡೆದು ಹತ್ತಬೇಕಾದ ರೈಲಿಗೆ ವರಮಾನ ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಯೋಜನಾ ವರದಿಯಲ್ಲಿ ಉತ್ತರವಿರಬೇಕಾಗುತ್ತದೆ.

ಟ್ರಾಂ ಕುರಿತು ಹಿರಿಯರಲ್ಲಿ ಒಲವಿದೆ. ಮದರಾಸಿನಲ್ಲಿ 1953ರಲ್ಲಿ, ಮುಂಬಯಿಯಲ್ಲಿ 1964ರಲ್ಲಿ ಟ್ರಾಂ ನಿಂತುಹೋಯಿತು. ಉಳಿದಿದ್ದ ಕಲ್ಕತ್ತೆಯಲ್ಲಿಯೂ, ಒಂದು ಪಾರಂಪರಿಕ ಮಾರ್ಗವನ್ನುಳಿದು ಮಿಕ್ಕವನ್ನು ನಿಲ್ಲಿಸುವುದಾಗಿ ಅಲ್ಲಿನ ಸರ್ಕಾರವು 2024ರಲ್ಲಿ ತಿಳಿಸಿತು. ಇತರ ವಾಹನಗಳ ನಡುವೆ ಸಿಲುಕಿದ ಟ್ರಾಂ ಬಸ್ಸಿಗಿಂತ ನಿಧಾನವಾಗುತ್ತದೆ. ಪ್ರತ್ಯೇಕ ಪಥ ನೀಡಿದರೆ ಉಳಿದವರ ರಸ್ತೆ ಕಿರಿದಾಗುತ್ತದೆ. ಹುಬ್ಬಳ್ಳಿ–ಧಾರವಾಡದ ನಡುವೆ 2020ರಲ್ಲಿ ಉದ್ಘಾಟನೆಗೊಂಡ ಸುಮಾರು 22 ಕಿ.ಮೀ. ತ್ವರಿತ ಬಸ್ ಮಾರ್ಗದ ಬಗ್ಗೆ ಎದ್ದ ದೂರುಗಳಲ್ಲಿ ಇದೂ ಒಂದು. ಮೈಸೂರಿನಲ್ಲಿ ಇನ್ನೊಂದು ತೊಡಕುಂಟು. ಅರಮನೆಯಿಂದ ಬನ್ನಿಮಂಟಪಕ್ಕೆ ಚಿನ್ನದ ಅಂಬಾರಿ ಸಾಗುವ ಸಯ್ಯಾಜಿರಾವ್ ರಸ್ತೆಯಲ್ಲಿ ಮೇಲ್ಸೇತುವೆಯನ್ನಾಗಲಿ, ವಿದ್ಯುತ್ ತಂತಿಯನ್ನಾಗಲಿ ಯಾರೂ ಒಪ್ಪಲಾರರು. ಫ್ರಾನ್ಸಿನ ಬೋರ್ದೊ ನಗರದಲ್ಲಿ 2003ರಿಂದ ಹಳೆಯ ಪೇಟೆಯೊಳಗೆ ನೆಲಮಟ್ಟದಿಂದಲೇ ಟ್ರಾಂಗೆ ವಿದ್ಯುತ್ ಪೂರೈಸಲಾಗುತ್ತಿದೆ. ದಾರಿ ಇದೆ, ಆದರೆ ವೆಚ್ಚ ಹೆಚ್ಚು.

ಈ ಚರ್ಚೆಯಲ್ಲಿ ಮರೆತಿರುವುದು ಈಗಾಗಲೇ ನೆಲದ ಮೇಲಿರುವ ಹಳಿ. ನಂಜನಗೂಡಿಗೆ 1891ರಲ್ಲಿ ರೈಲು ಬಂತು. ಇಂದು ಆ ಮಾರ್ಗವು ಚಾಮರಾಜಪುರಂ, ಅಶೋಕಪುರಂ, ಕಡಕೊಳಗಳ ಮೂಲಕ, ಕೈಗಾರಿಕಾ ಪ್ರದೇಶಗಳ ಮಗ್ಗುಲಲ್ಲೇ ಸಾಗುತ್ತದೆ. ಉತ್ತರಕ್ಕೆ ನಾಗನಹಳ್ಳಿ, ವಾಯುವ್ಯಕ್ಕೆ ಬೆಳಗೊಳದ ಕಡೆಗೂ ಹಳಿಗಳಿವೆ. ಈ ಮಾರ್ಗಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಪಾಳಿಯ ವೇಳೆಗೆ ಸರಿಹೊಂದುವಂತೆ ಹೆಚ್ಚು ಗಾಡಿಗಳನ್ನು ಓಡಿಸಿ, ನಿಲ್ದಾಣದಿಂದ ನಗರ ಬಸ್ ಸಂಪರ್ಕ ಕಲ್ಪಿಸಿದಲ್ಲಿ, ಲಘು ರೈಲಿನಿಂದ ನಿರೀಕ್ಷಿಸುವ ಪ್ರಯೋಜನದ ಒಂದು ಪಾಲು ಬಹಳ ಕಡಿಮೆ ವೆಚ್ಚದಲ್ಲಿ ದೊರೆಯಬಲ್ಲದು. ಮೈಸೂರು–ಚಾಮರಾಜನಗರ ಮಾರ್ಗವು ಜೋಡಿಹಳಿಯಲ್ಲದಿರುವುದರಿಂದ ಇದಕ್ಕೂ ಮಿತಿಯಿದೆ ಎಂಬುದನ್ನು ಒಪ್ಪಬೇಕು.

ಇನ್ನು ಅರ್ಜಿದಾರರು ಗಮನಿಸಬೇಕಾದ ಅಂಶ. ಕರಪತ್ರದಲ್ಲಾಗಲಿ, ಪತ್ರಿಕೆಯಲ್ಲಾಗಲಿ ಮುದ್ರಿತವಾದ ಗೆರೆಗೆ ಕಾನೂನಿನ ಮಾನ್ಯತೆ ಇರುವುದಿಲ್ಲ. ಮಾರ್ಗವೊಂದು ಅನುಮೋದಿತ ಮಹಾಯೋಜನೆಯಲ್ಲಿ ಸೇರಿರಬೇಕು. ಅದಿಲ್ಲವಾದರೆ, ತಮ್ಮ ಸರ್ವೆ ನಂಬರನ್ನು ಒಳಗೊಂಡಂತೆ 2013ರ ಭೂಸ್ವಾಧೀನ ಅಧಿನಿಯಮದ 11ನೇ ಪ್ರಕರಣದ ಮೇರೆಗೆ ಪ್ರಾಥಮಿಕ ಅಧಿಸೂಚನೆಯಾದರೂ ಪ್ರಕಟವಾಗಿರಬೇಕು. ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶದ ಮಹಾಯೋಜನೆ–2031ರ ನಕ್ಷೆಯನ್ನು ಕ್ರಯಪತ್ರಕ್ಕೆ ಮುನ್ನವೇ ಪರಿಶೀಲಿಸತಕ್ಕದ್ದು. ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ 18–ಎ ಪ್ರಕರಣವು ವರ್ತುಲ ರಸ್ತೆ, ನೀರು ಸರಬರಾಜುಗಳೊಂದಿಗೆ ಸಮೂಹ ತ್ವರಿತ ಸಾರಿಗೆಗಾಗಿಯೂ ಉಪಕರ ವಿಧಿಸಲು ಅವಕಾಶ ನೀಡುತ್ತದೆ. ಶುಲ್ಕದ ತಿಳುವಳಿಕೆ ಪತ್ರದಲ್ಲಿ ಇಂತಹ ಬಾಬ್ತು ಕಂಡುಬಂದಲ್ಲಿ, ತಮ್ಮ ಬಡಾವಣೆಗೆ ರೈಲು ಮಂಜೂರಾಗಿದೆಯೆಂದು ಅರ್ಥೈಸಬಾರದು; ಮಾರಾಟಗಾರರು ಅದನ್ನು ಸಾಕ್ಷ್ಯವಾಗಿ ತೋರಿಸಿದರೂ ಒಪ್ಪಬಾರದು.