ಟಿಕೆಟ್ ಅಗ್ಗ, ರೈಲು ಎಲ್ಲಿ?

ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಗ್ರೌಂಡ್ ಸ್ಟಾಫ್ ಕೆಲಸಕ್ಕೆ ಸಂದರ್ಶನದ ಕರೆ ಬಂದಾಗ ನಾನು ಮೊದಲು ಲೆಕ್ಕ ಹಾಕಿದ್ದು ಸಂಬಳವನ್ನಲ್ಲ, ದಾರಿ ಖರ್ಚನ್ನು. ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ಸಿಗೆ ಒಂದು ಕಡೆಗೇ 200 ರೂಪಾಯಿ ದಾಟುತ್ತದೆ. ಕ್ಯಾಬ್ ಮಾತೇ ಬೇಡ.

ರೈಲಿಗೆ? ಯಲಹಂಕ–ದೇವನಹಳ್ಳಿ ಮಾರ್ಗದಲ್ಲಿ 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹಾಲ್ಟ್ ಸ್ಟೇಷನ್ ಶುರುವಾದಾಗ ಟಿಕೆಟ್ 10–15 ರೂಪಾಯಿ. ಅಲ್ಲಿಂದ ಟರ್ಮಿನಲ್‌ಗೆ ಶಟಲ್ ಬಸ್. ನಡುವೆ ಪ್ಯಾಸೆಂಜರ್ ರೈಲುಗಳ ಕನಿಷ್ಠ ದರ 30ಕ್ಕೇರಿತ್ತು. 2024ರಲ್ಲಿ ಮತ್ತೆ 10ಕ್ಕೆ ಇಳಿಯಿತು. ಇದಕ್ಕಿಂತ ಅಗ್ಗ ಇನ್ನೇನು ಬೇಕು?

ಬೇಕಿರುವುದು ರೈಲು! ದಿನಕ್ಕೆ ಬೆರಳೆಣಿಕೆಯಷ್ಟು ಮಾತ್ರ. ಒಂಟಿ ಹಳಿ ಬೇರೆ. ಎದುರಿನ ಗಾಡಿಗೆ ದಾರಿ ಬಿಡಲು ಕಾಯಬೇಕು. ಜನ ಬರುವುದಿಲ್ಲವೆಂದು ರೈಲು ಕಡಿಮೆ, ರೈಲು ಕಡಿಮೆಯೆಂದು ಜನ ಬರುವುದಿಲ್ಲ. ದರ ಇಳಿಸಿದ ಮಾತ್ರಕ್ಕೆ ಈ ಗಂಟು ಬಿಚ್ಚದು. ಹಳಿ ಜೋಡಿಯಾಗಬೇಕು, ವೇಳಾಪಟ್ಟಿ ಶಿಫ್ಟ್‌ಗೆ ಹೊಂದಬೇಕು. ವಿಮಾನ ಹತ್ತುವವರಿಗಿಂತ ಅಲ್ಲಿ ದುಡಿಯುವವರಿಗೇ ಈ ರೈಲು ಹೆಚ್ಚು ಬೇಕಾದದ್ದು.

ಸಂದರ್ಶನದ ಕೊನೆಗೆ ‘ಏನಾದರೂ ಕೇಳುವುದಿದೆಯಾ?’ ಎಂದರು. ಶಿಫ್ಟ್ ಎಷ್ಟು ಗಂಟೆಗೆ ಎಂದೆ. ‘ನಸುಕಿನ ನಾಲ್ಕಕ್ಕೆ.’ ಹೋಗುವಾಗ ಬಸ್ಸೇ ಗತಿ. ಪಾಸ್ ಮಾಡಿಸಿದರೂ ತಿಂಗಳಿಗೆ ಸಾವಿರಗಳ ಲೆಕ್ಕ. ಮಧ್ಯಾಹ್ನ ವಾಪಸ್ ಬರಲು ರೈಲಿದೆಯಾ ಎಂದು ಈಗ ವೇಳಾಪಟ್ಟಿ ನೋಡುತ್ತಿದ್ದೇನೆ.