ನರ್ಸಿಂಗ್ ಸೀಟಿಗೆ ದಲ್ಲಾಳಿ ಯಾಕೆ?



ಪಿಯುಸಿ ಫಲಿತಾಂಶ ಬಂದರೆ ಸಾಕು, ನಮ್ಮ ಕುಂಬಾರಕೊಪ್ಪಲಿನ ಮನೆಗಳಿಗೆ ನರ್ಸಿಂಗ್ ಸೀಟು ಕೊಡಿಸುವ ದಲ್ಲಾಳಿಗಳ ಫೋನ್ ಶುರುವಾಗುತ್ತದೆ. ಕೂಲಿ ಮಾಡುವ ತಂದೆತಾಯಿ ಸಾಲ ತಂದು ಮುಂಗಡ ಕೊಡುತ್ತಾರೆ. ಬಿ.ಎಸ್ಸಿ. ನರ್ಸಿಂಗ್‌ನ ಸರ್ಕಾರಿ ಕೋಟಾ ಸೀಟುಗಳನ್ನು ಸಿಇಟಿ ಮೂಲಕ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ ಹಂಚುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಅದಕ್ಕೆ ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿರಬೇಕು. ಕಲಾ ವಿಭಾಗದವರಿಗೆ 3 ವರ್ಷದ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಇದೆ. ದಲ್ಲಾಳಿಗಳ ಕಾಟ ಸಾಲದೆಂಬಂತೆ, ಖಾಸಗಿ ಕಾಲೇಜಿನ ಸಂದರ್ಶನದಲ್ಲಿ ಇಂಗ್ಲಿಷಿಗೆ ಹೆದರಿ ಬಾಯಿ ಬಿಡದೆ ಬರುವ ಜಾಣ ಹುಡುಗಿಯರನ್ನು ಕಂಡು ಸಂಕಟವಾಗುತ್ತದೆ. ಕೆ.ಆರ್. ಆಸ್ಪತ್ರೆಯ ವಾರ್ಡುಗಳಲ್ಲಿ ಹಳ್ಳಿಯ ರೋಗಿಗೆ ಕನ್ನಡದಲ್ಲಿ ಧೈರ್ಯ ಹೇಳಬೇಕಾದವರು ಇವರೇ ಅಲ್ಲವೇ? ಸರ್ಕಾರಿ ಪಿಯು ಕಾಲೇಜುಗಳು ಸಿಇಟಿ ಅರ್ಜಿಗೆ ಮೊದಲೇ ಪೋಷಕರನ್ನು ಕರೆಸಿ ಸೀಟು ಪಡೆಯುವ ದಾರಿಯನ್ನೆಲ್ಲ ತಿಳಿಸಲಿ. ಪೋಷಕರೇ, ಕಾಲೇಜಿನ ಮಾನ್ಯತೆಯನ್ನು ವಿಚಾರಿಸದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

– ನೊಂದ ಪೋಷಕರು, ಕುಂಬಾರಕೊಪ್ಪಲು, ಮೈಸೂರು