ಲಕ್ಷ್ಮಮ್ಮನವರ ಹೆಸರಿದ್ದ ಕಡೆ ಒಂಬತ್ತು ಪ್ರಶ್ನೆ ಗುರುತು

ನಮ್ಮೂರ ಹಾಲಿನ ಡೇರಿ ಗೋಡೆಗೆ ಬೋನಸ್ ಪಟ್ಟಿ ಅಂಟಿಸಿದ್ದರು. ಲೀಟರ್ ಸರಿ ಇತ್ತು, ರೂಪಾಯಿ ಸರಿ ಇತ್ತು, ಹೆಸರಿನ ಕಾಲಂ ತುಂಬಾ ಬರೀ ಪ್ರಶ್ನೆ ಗುರುತು. ಲಕ್ಷ್ಮಮ್ಮನವರ ಸಾಲಿನಲ್ಲಿ ಎಣಿಸಿದೆ, ಒಂಬತ್ತಿದ್ದವು. ಸದಸ್ಯರ ನಂಬರ್ ನೆನಪಿದ್ದವರು ತಮ್ಮ ಸಾಲು ಹುಡುಕಿಕೊಂಡರು. ಉಳಿದವರು ಬಾಯಿಮಾತು ನಂಬಿ ಮನೆಗೆ ಹೋದರು. ‘ಕಂಪ್ಯೂಟರಿಗೆ ಕನ್ನಡ ಆಗಲ್ಲ ಕಣಪ್ಪ, ಮುಂದಿನ ಸಲ ಇಂಗ್ಲಿಷಲ್ಲೇ ಹಾಕಿಸ್ತೀವಿ’ ಅಂದರು ಡೇರಿಯವರು.

ನನ್ನ ತಕರಾರು ಈ ಮಾತಿನ ಮೇಲೆ. ಇಂಗ್ಲಿಷಲ್ಲಿ ಹಾಕಿದರೆ ಕನ್ನಡ ಮಾತ್ರ ಓದಲು ಬರುವ ಹೆಂಗಸರು ತಮ್ಮ ದುಡ್ಡಿನ ಲೆಕ್ಕ ನೋಡೋದು ಹೇಗೆ?

ಕಂಪ್ಯೂಟರಿಗೆ ಕನ್ನಡ ಚೆನ್ನಾಗಿಯೇ ಆಗುತ್ತೆ. ಯೂನಿಕೋಡ್‌ನಲ್ಲಿ ನಮ್ಮ ಪ್ರತಿ ಅಕ್ಷರಕ್ಕೂ ಗುಣಿತದ ಚಿಹ್ನೆಗೂ ಒಂದೊಂದು ಸಂಖ್ಯೆ ಇದೆ. ಆ ಸಂಖ್ಯೆಯನ್ನು ಫೈಲಿನಲ್ಲಿ ಬರೆದಿಡುವ ಕ್ರಮವೇ ಎನ್‌ಕೋಡಿಂಗ್. ಯುಟಿಎಫ್-8 ಕ್ರಮದಲ್ಲಿ ಕನ್ನಡ ಕ್ಷೇಮವಾಗಿರುತ್ತೆ. ಎಎನ್‌ಎಸ್‌ಐ ಅನ್ನುವ ಹಳೇ ಕ್ರಮದಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ, ಹಾಗಾಗಿ ಒಂದೊಂದರ ಬದಲಿಗೂ ಒಂದು ಪ್ರಶ್ನೆ ಗುರುತು ಕೂರುತ್ತೆ. ‘ಲಕ್ಷ್ಮಮ್ಮ’ ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರಿಗೆ ಆರು ವ್ಯಂಜನ, ಒತ್ತು ಮೂಡಿಸುವ ಮೂರು ಗುರುತು. ಅದಕ್ಕೇ ಒಂಬತ್ತು.

ಹೀಗೆ ಪ್ರಶ್ನೆ ಗುರುತು ಬಂದಿದ್ದರೆ ಬಹುತೇಕ ಸೇವ್ ಮಾಡುವಾಗಲೇ ಹೆಸರು ಹೋಗಿರುತ್ತೆ. ಫಾಂಟ್ ಬದಲಿಸಿ ಪ್ರಯೋಜನವಿಲ್ಲ, ಮೂಲ ಸಾಫ್ಟ್‌ವೇರಿನಿಂದ ಯುಟಿಎಫ್-8ರಲ್ಲಿ ಮತ್ತೆ ತೆಗೆಯಬೇಕು. 2019ರ ವಿಂಡೋಸ್ 10 ಅಪ್‌ಡೇಟ್ ಬರುವ ತನಕ ನೋಟ್‌ಪ್ಯಾಡ್ ತಾನಾಗಿ ಆರಿಸುತ್ತಿದ್ದದ್ದು ಎಎನ್‌ಎಸ್‌ಐ. ಅಕ್ಷರ ಹೋಗುತ್ತೆ ಅಂತ ಎಚ್ಚರಿಕೆಯನ್ನೇನೋ ಕೊಡುತ್ತಿತ್ತು, ಇಂಗ್ಲಿಷಿನಲ್ಲಿ! ಓಕೆ ಒತ್ತದೆ ಇನ್ನೇನು ಮಾಡ್ತಾರೆ.

ಎಕ್ಸೆಲ್‌ನಲ್ಲಿ ತೆರೆದಾಗ ತಲೆ ಮೇಲೆ ಓರೆ ಗೆರೆ ಇರುವ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಪುಟ್ಟ 2 ಅಥವಾ 3 ಕಂಡರೆ ಗಾಬರಿ ಬೇಡ. ಫೈಲ್ ಸರಿ ಇದೆ, ಎಕ್ಸೆಲ್ ತಪ್ಪಾಗಿ ಓದುತ್ತಿದೆ ಅಷ್ಟೆ. ಸೇವ್ ಮಾಡದೆ ಮುಚ್ಚಿ, ಡೇಟಾ ಮೆನುವಿನಿಂದ ಆ ಟೆಕ್ಸ್ಟ್ ಫೈಲನ್ನು ಒಳಗೆ ತಂದು 65001 ಯುಟಿಎಫ್-8 ಆರಿಸಿ. ಬರೀ ಚೌಕ ಡಬ್ಬಿ ಕಂಡರೆ ಕನ್ನಡ ಫಾಂಟ್ ಇಲ್ಲ ಅಂತ. ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪಿಸಿದ್ದಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು.

ಇನ್ನೊಂದು ಕಿತಾಪತಿ ಇದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಲಕ್ಷ್ಮಮ್ಮನಿಗೆ 27. ಇಂಗ್ಲಿಷ್ ಲೆಕ್ಕದಲ್ಲಿ ಹೆಸರಿಗೆ 20 ಬೈಟ್ ಕಾಲಂ ಇಟ್ಟಿದ್ದರೆ ಅವರು ‘ಲಕ್ಷ್ಮ’ ಆಗಿ ನಿಲ್ಲುತ್ತಾರೆ. ಆಮೇಲೆ ಪಾಸ್‌ಬುಕ್ಕಿಗೆ ಹೊಂದಲ್ಲ ಅಂತ ಅಲೆದಾಡೋದು ಅವರೇ.

ಡೇಟಾ ಎಂಟ್ರಿ ಹುಡುಗನನ್ನು ಬೈದು ಫಲವಿಲ್ಲ. ಸಾಫ್ಟ್‌ವೇರ್ ಮಾರಲು ಬಂದವರಿಗೆ ಚೆಕ್ ಕೊಡುವ ಮುಂಚೆ ‘ಲಕ್ಷ್ಮಮ್ಮ’ ಅಂತ ಹಾಕಿ ಒಂದು ಪ್ರಿಂಟ್ ತೆಗೆಸಿ ನೋಡಿ ಅಂತ ಮುಂದಿನ ಸಭೆಯಲ್ಲಿ ಕೇಳಲಿದ್ದೇನೆ. ನಿಮ್ಮೂರ ಡೇರಿಯಲ್ಲೂ ಕೇಳಿ.